ಗವರ್ನರನ ಹೆಸರು ಹೊತ್ತ ನಮ್ಮ ಹೊಳೆಯ ಮೀನು

ಕೆಲವು ವರ್ಷಗಳ ಹಿಂದಿನ ಮಾತು. ಏಳನೇ ತರಗತಿಯಲ್ಲಿ ನದಿಗಳ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮಾಷ್ಟ್ರೇ, ಪೇಟೆಯ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಿಸ್ ಕೇರಳ ಅಂತ ಒಂದು ಮೀನು ಉಂಟು. ಅದು ನಮ್ಮ ಹೊಳೆಯದ್ದೇ ಅಂತ ಅಜ್ಜ ಹೇಳ್ತಾರೆ. ಹೌದಾ?” ಎಂದ.

ಹೌದು, ಅಜ್ಜ ಹೇಳಿದ್ದು ಸರಿ. ಚಂದ್ರಗಿರಿ, ಕಾರ್ಯಂಗೋಡು, ವಳಪಟ್ಟಣಂ, ಚಾಲಿಯಾರ್ ಮುಂತಾದ ಹೊಳೆಗಳಲ್ಲಿ, ಬಂಡೆಗಳ ನಡುವೆ ನೀರು ರಭಸದಿಂದ ಹರಿಯುವ ಕಡೆ ಇದು ಗುಂಪಾಗಿ ಬದುಕುತ್ತದೆ. ಕಾಟ್ಲಾ, ರೋಹುಗಳ ಕುಟುಂಬದ್ದೇ ಆದರೂ ಗಾತ್ರ ಅಂಗೈಯಷ್ಟು. ಬೆಳ್ಳಿ ಮೈ, ಉದ್ದಕ್ಕೂ ಕಪ್ಪು ಗೆರೆ, ಅದರ ಮೇಲೆ ಮೂತಿಯಿಂದ ನಡುಮೈವರೆಗೆ ಕೆಂಪು ಗೆರೆ. ಮಲಯಾಳದಲ್ಲಿ ಇದನ್ನು ಚೆಂಕಣಿಯಾನ್, ಚೋರಕ್ಕಣಿಯಾನ್ ಎನ್ನುತ್ತಾರೆ. ನಮ್ಮ ಕೆಂದಾವರೆಯ ‘ಕೆಂ’ ಅವರಲ್ಲಿ ‘ಚೆಂ’ ಆಗುತ್ತದೆ. ‘ಚೋರ’ ಎಂದರೆ ರಕ್ತ. ಕೆಂಪನ್ನು ನೋಡಿ ಇಟ್ಟ ಹೆಸರುಗಳು.

ವಿಜ್ಞಾನದ ಪುಸ್ತಕದಲ್ಲಿರುವ ಹೆಸರು ಮಾತ್ರ ಬೇರೆ. ಮದರಾಸಿನ ಸೇನೆಯಲ್ಲಿ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ಕೊಚ್ಚಿಯಲ್ಲಿದ್ದಾಗ ಮೀನುಗಳ ಅಧ್ಯಯನಕ್ಕೆ ತೊಡಗಿದ. ತಿರುವಾಂಕೂರಿನ ಬೆಟ್ಟಸೀಮೆಯ ಮುಂಡಕ್ಕಯಂನಿಂದ ದೊರೆತ ಈ ಮೀನನ್ನು 1865ರಲ್ಲಿ ವರ್ಣಿಸಿ ‘ಲೇಬಿಯೊ ಡೆನಿಸೋನಿ’ ಎಂದು ಹೆಸರಿಟ್ಟ. 1861ರಿಂದ 1866ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಸರ್ ವಿಲಿಯಂ ಡೆನಿಸನ್‌ಗೆ ಸಲ್ಲಿಸಿದ ಗೌರವ ಅದು. ಆಗ ಕಾಸರಗೋಡು ಪ್ರದೇಶ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಹಾಗಾಗಿ ಆತ ನಮ್ಮ ಹಿರಿಯರಿಗೂ ಗವರ್ನರನೇ! ಮುಂದೆ ಕುಲದ ಹೆಸರು ಬಾರ್ಬಸ್, ಪುಂಟಿಯಸ್ ಎಂದೆಲ್ಲ ಬದಲಾಯಿತು. 2013ರಲ್ಲಿ ವಿಜ್ಞಾನಿಗಳು ಇದನ್ನು ‘ಸಹ್ಯಾದ್ರಿಯಾ’ ಎಂಬ ಹೊಸ ಕುಲಕ್ಕೆ ಸೇರಿಸಿದರು. ಸಹ್ಯಾದ್ರಿಯ ಹೆಸರು ಬರಲು 148 ವರ್ಷ ಬೇಕಾಯಿತು. ಗವರ್ನರ್ ಮಾತ್ರ ಬಾಲದಲ್ಲಿ ಉಳಿದುಕೊಂಡ.

ಇದರ ಕಷ್ಟ ಶುರುವಾದದ್ದು ಚೆಲುವಿನಿಂದ. 1997ರಲ್ಲಿ ಸಿಂಗಾಪುರದ ‘ಅಕ್ವಾರಾಮ’ ಪ್ರದರ್ಶನದಲ್ಲಿ ಹೊಸ ಮೀನುಗಳ ವಿಭಾಗದಲ್ಲಿ ಇದಕ್ಕೆ ಮೂರನೇ ಬಹುಮಾನ ಬಂತು. ಡೇ ವರ್ಣಿಸಿ 132 ವರ್ಷ ಕಳೆದಿದ್ದರೂ ಅಲ್ಲಿಯವರಿಗೆ ಅದು ಹೊಸ ಮೀನು! ಆಮೇಲೆ ವಿದೇಶದ ಗಾಜಿನ ಪೆಟ್ಟಿಗೆಗಳಿಗಾಗಿ ಹೊಳೆಗಳಿಂದ ಹಿಡಿದು ಸಾಗಿಸುವುದು ಜೋರಾಯಿತು. 2005ರಿಂದ 2012ರವರೆಗೆ ಭಾರತದಿಂದ ಅಳಿವಿನಂಚಿನ 30 ಜಾತಿಗಳ ಕನಿಷ್ಠ 15 ಲಕ್ಷ ಸಿಹಿನೀರಿನ ಮೀನುಗಳು ರಫ್ತಾದವು ಎಂದು 2013ರ ಒಂದು ಅಧ್ಯಯನ ಲೆಕ್ಕ ಹಾಕಿತು. ಅದರಲ್ಲಿ ದೊಡ್ಡ ಪಾಲು ಪಡೆದವುಗಳಲ್ಲಿ ನಮ್ಮ ಕೆಂಪು ಗೆರೆಯ ಮೀನೂ ಒಂದು.

2008ರಲ್ಲಿ ಕೇರಳ ಸರಕಾರ ಹಿಡಿಯುವುದಕ್ಕೆ ಮಿತಿ ಹಾಕಿತು. ಜೂನ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಹಿಡಿಯಬಾರದು ಎಂದಾಯಿತು. ಮಳೆಗಾಲವೆಂದರೆ ಮೀನು ಮೊಟ್ಟೆಯಿಡುವ ಕಾಲ ಎಂಬುದು ಸಾಮಾನ್ಯ ತಿಳಿವಳಿಕೆ ತಾನೇ? ಆದರೆ ಈ ಮೀನು ಮೊಟ್ಟೆಯಿಡುವುದು ಅಕ್ಟೋಬರಿನಿಂದ ಮಾರ್ಚಿನವರೆಗೆ ಎಂದು ಸಂಶೋಧಕರು ಕಂಡುಕೊಂಡರು. ಮಳೆ ನಿಂತು, ನೀರು ತಿಳಿಯಾಗಿ, ಹೊಳೆಯಲ್ಲಿ ಬಂಡೆಗಳು ತಲೆಯೆತ್ತುವ ತಿಂಗಳುಗಳವು. ಅಕ್ಟೋಬರ್ ಒಂದನ್ನು ಬಿಟ್ಟರೆ ಉಳಿದ ಆ ತಿಂಗಳುಗಳಲ್ಲೆಲ್ಲ ಬಲೆ ಬೀಸಲು ತಡೆಯಿರಲಿಲ್ಲ.

ಆ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಕೊನೆಗೆ ಅವನು ಕೇಳಿದ್ದು ಒಂದೇ: “ಹಾಗಾದರೆ ಅದಕ್ಕೆ ಮಳೆಗಾಲದಲ್ಲಿ ರಜೆ ಕೊಟ್ಟದ್ದು ಯಾಕೆ ಮಾಷ್ಟ್ರೇ?”