ಸೌತ್‌ಹಾಲ್‌ನ ಪಂಕ್ತಿ, ಶಾಲೆಯ ತಟ್ಟೆ

ತಟ್ಟೆಯಲ್ಲಿ ಉಳಿದದ್ದನ್ನು ಏನು ಮಾಡಬೇಕೆಂಬುದಕ್ಕೆ ಬ್ರಿಟನ್ನಿನಲ್ಲಿ ಹಳೆಯ ಉತ್ತರಗಳಿವೆ. 1940ರಲ್ಲಿ ಯುದ್ಧಕಾಲದ ಸರ್ಕಾರ ಆಹಾರ ಪೋಲು ಮಾಡುವುದನ್ನೇ ಅಪರಾಧವಾಗಿಸಿತು. ಮುಸುರೆ ಹಂದಿಗಳ ಪಾಲಾಯಿತು. 2025ರ ಮಾರ್ಚ್ 31ರಿಂದ ಇಂಗ್ಲೆಂಡಿನ ಬಹುತೇಕ ಶಾಲೆಗಳು ಆಹಾರದ ಕಸವನ್ನು ಬೇರ್ಪಡಿಸಲೇಬೇಕು. ಎರಡೂ ಬೇಕಾದವೇ, ಆದರೆ ಎರಡೂ ಉಂಡೆದ್ದ ಮೇಲಿನ ಮಾತು. ಬಡಿಸುವಾಗಲೇ ಪೋಲನ್ನು ತಡೆಯುವ ಪದ್ಧತಿ ಪಶ್ಚಿಮ ಲಂಡನ್ನಿನ ಸೌತ್‌ಹಾಲ್‌ಗೆ ಬಂದದ್ದು, 1950ರ ದಶಕದಲ್ಲಿ ವೂಲ್ಫ್ ರಬ್ಬರ್ ಕಾರ್ಖಾನೆಯಂಥ ಕಡೆ ದುಡಿಯಲು ಬಂದ ಪಂಜಾಬಿಗಳ ಜೊತೆ. ಹ್ಯಾವ್‌ಲಾಕ್ ರಸ್ತೆಯಲ್ಲಿ 2003ರಲ್ಲಿ ತೆರೆದ ಶ್ರೀ ಗುರು ಸಿಂಗ್ ಸಭಾ ಗುರುದ್ವಾರದಲ್ಲಿ ಲಂಗರ್, ಎಂದರೆ ಸಿಖ್ಖರ ಉಚಿತ ಸಾಮೂಹಿಕ ಊಟ, ಇಂದಿಗೂ ಎಲ್ಲರಿಗೂ ತೆರೆದಿದೆ. ಲಂಗರಿನ ರೀತಿ ಸರಳ: ಎಷ್ಟು ಸಲ ಬೇಕಾದರೂ ಕೇಳಿ, ಹಾಕಿಸಿಕೊಂಡದ್ದನ್ನು ಬಿಡಬೇಡಿ. ಹುಡುಗರೂ ಬಡಿಸುತ್ತಾರೆ, ಪಾತ್ರೆ ತೊಳೆಯುತ್ತಾರೆ. ಚೆಲ್ಲಿದ ರೊಟ್ಟಿಯ ಹಿಂದಿನ ದುಡಿಮೆ ಅವರ ಕೈಗೇ ಗೊತ್ತು.

ಈ ರೀತಿಯನ್ನು ಶಾಲೆಗೂ ತರಬಹುದೆಂದರೆ, ಭಕ್ತಿಯಿರುವಲ್ಲಿ ನಡೆಯುವುದು ಶಾಲೆಯಲ್ಲಿ ನಡೆದೀತೇ ಎಂಬ ಆಕ್ಷೇಪವಿದೆ. ಸ್ವಲ್ಪ ಬಡಿಸಿ ಮತ್ತೊಮ್ಮೆ ಬರುವುದಕ್ಕೆ ಭಕ್ತಿ ಬೇಕಿಲ್ಲ, ಸಮಯ ಬೇಕು. ಗಡಿಬಿಡಿಯ ಊಟದ ವಿರಾಮವೇ ನಿಜವಾದ ಅಡ್ಡಿ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಮಗುವಿಗೇ ಬಿಟ್ಟರೆ ಅದು ಕಡಿಮೆ ಉಂಡೀತು. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಹಸಿವಿನ ವಿರುದ್ಧ ಹುಟ್ಟಿದ ಶಾಲಾ ಬಿಸಿಯೂಟದ ಯೋಜನೆ. ಅಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯದ ಲೆಕ್ಕವನ್ನು ಸಡಿಲಿಸುವುದು ಅನ್ಯಾಯ. ಆದರೆ ಆ ಅಳತೆ ಮಗುವಿನ ಹಕ್ಕು, ಒಂದೇ ಸಲಕ್ಕೆ ಸುರಿಯಬೇಕೆಂಬ ಆಜ್ಞೆಯಲ್ಲ. ಅಷ್ಟನ್ನೂ ಬೇಯಿಸಿ, ಎರಡು ಸಲ ಬಡಿಸಿ, ಮೂರನೆಯ ಸಲ ಕೇಳಿದವರಿಗೂ ಕೊಡಬಹುದು.