ಕೊಡಗಿನ ಶರತ್ಕಾಲ ಮತ್ತು ಆಟದ ನೆನಪುಗಳು

ಶರತ್ಕಾಲವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ತಿಳಿಯಾದ ಆಕಾಶ, ತುಂಬಿದ ಕೆರೆ, ನವರಾತ್ರಿಯ ದೀಪಗಳು. ಮೈಸೂರಿನವರಿಗೆ ಅದು ದಸರೆಯ ಕಾಲ. ಆದರೆ ಕುಶಾಲನಗರದ ಬಳಿ ಕಾವೇರಿಯನ್ನು ದಾಟಿ ಮಡಿಕೇರಿಯ ಏರುದಾರಿಯನ್ನು ಹಿಡಿದರೆ ಈ ಕಾಲಕ್ಕೆ ಇನ್ನೊಂದು ಅರ್ಥವಿರುವುದು ಕಂಡುಬರುತ್ತದೆ. ಕೊಡಗಿನಲ್ಲಿ ಅದು ಆಟದ ಕಾಲ. ಜೂನ್ ತಿಂಗಳಿನಿಂದ ಎಡೆಬಿಡದೆ ಸುರಿದ ಮಳೆ ಹಿಂದೆ ಸರಿಯತೊಡಗಿ, ಗದ್ದೆಗಳಲ್ಲಿ ನಾಟಿ ಮುಗಿದು, ಬೇಸಾಯಗಾರನ ಕೈಗೆ ಕೆಲವು ದಿನಗಳ ಬಿಡುವು ದೊರೆಯುವುದು ಆಗಲೇ. ಆ ಬಿಡುವಿನಲ್ಲಿ ಕೊಡಗು ಏನನ್ನು ಆಡಿತು, ಆಡಿ ಏನನ್ನು ಕಲಿತಿತು ಎಂಬುದನ್ನು ಕಳೆದುಹೋದ ಕೆಲವು ಶರತ್ಕಾಲಗಳ ನೆನಪಿನ ಮೂಲಕ ಇಂದು ವಿಚಾರಮಾಡೋಣ.

ಈ ಕಾಲದ ಹೊಸ್ತಿಲಲ್ಲಿರುವ ಹಬ್ಬ ಕೈಲ್ ಮುಹೂರ್ತ. ಕೊಡವ ಭಾಷೆಯಲ್ಲಿ ಕೈಲ್‌ಪೊಳ್ದ್. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಇದು ನಡೆಯುವುದು. ನಾಟಿಯ ಕೆಲಸದ ಕಾಲದಲ್ಲಿ ಮನೆಯೊಳಗೆ ಇರಿಸಿದ್ದ ಕೋವಿ, ಒಡಿಕತ್ತಿ ಮೊದಲಾದ ಆಯುಧಗಳನ್ನು ಅಂದು ಹೊರಗೆ ತೆಗೆದು, ಶುಚಿಗೊಳಿಸಿ, ತೋಕ್‌ಪೂ ಎಂಬ ಕೆಂಪು ಹಳದಿ ಬಣ್ಣದ ಕಾಡುಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿ. ಹೂವಿಗೂ ಅದರದೇ ಹೆಸರು. ಪೂಜೆಯಾಗಿ, ಕಡುಬಿನ ಊಟವಾದ ಬಳಿಕ ಊರಿನವರು ಬಯಲಿನಲ್ಲಿ ಸೇರುವರು. ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿಯನ್ನು ಕಟ್ಟಿ, ಕೆಳಗೆ ನಿಂತು ಗುಂಡು ಹಾರಿಸುವ ಪಂದ್ಯ ನಡೆಯುವುದು. ಕಾಯಿ ಒಡೆದವನಿಗೆ ಊರಿನ ಮೆಚ್ಚಿಗೆ. ಒಡೆಯದವನಿಗೆ ಬರುವ ವರ್ಷದ ಭರವಸೆ. ಬ್ರಿಟಿಷರ ಆಡಳಿತದಲ್ಲಿ ಆಯುಧದ ಕಾನೂನಿನಿಂದ ಕೊಡವರಿಗೆ ದೊರೆತ ವಿನಾಯಿತಿಯು ಸ್ವತಂತ್ರ ಭಾರತದಲ್ಲಿಯೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಲ್ಪಟ್ಟಿತು. ಆದುದರಿಂದ ಈ ಗುರಿಯಾಟವು ಕೇವಲ ಹಳೆಯ ಕಥೆಯಾಗಿ ಉಳಿದಿಲ್ಲ.

ಗುರಿಯನ್ನು ಹೊಡೆಯುವುದು ಈ ನಾಡಿನ ಆಟದ ಒಂದು ಮುಖ. ಇನ್ನೊಂದು ಮುಖವನ್ನು ಕಾಣಬೇಕಾದರೆ ಶರತ್ಕಾಲದ ಕೊನೆಯವರೆಗೆ, ಎಂದರೆ ಹೊಸ ಅಕ್ಕಿಯ ಹಬ್ಬವಾದ ಹುತ್ತರಿಯವರೆಗೆ ಕಾಯಬೇಕು. ಕದಿರು ತೆಗೆದ ಮೇಲೆ ಊರ ಮಂದಿನಲ್ಲಿ ಕೋಲಾಟ ನಡೆಯುವುದನ್ನು ಹಲವರು ಬಲ್ಲರು. ಅದೇ ಬಯಲಿನಲ್ಲಿ ಪರಿಯಕಳಿ ಎಂಬ ಮತ್ತೊಂದು ಆಟವೂ ಉಂಟು. ಇಬ್ಬರು ಎದುರುಬದುರಾಗಿ ನಿಲ್ಲುವರು. ಒಂದು ಕೈಯಲ್ಲಿ ಬೆತ್ತ, ಒಂದು ಕೈಯಲ್ಲಿ ಗುರಾಣಿ. ಹೊಡೆತ ಮೊಣಕಾಲಿನ ಕೆಳಗೆ ಮಾತ್ರ ಬೀಳಬೇಕು. ಆಟ ಮಿತಿಮೀರಿತೆಂದು ತೋರಿದರೆ ಹಿರಿಯರು ನಡುವೆ ಬಂದು ಬಿಡಿಸುವರು. ಮುಗಿದ ಮೇಲೆ ಹೊಡೆದವನೂ ಹೊಡೆಸಿಕೊಂಡವನೂ ತಬ್ಬಿಕೊಳ್ಳಬೇಕು. ಈ ಕೊನೆಯ ನಿಯಮವೇ ನಮ್ಮ ವಿಷಯಕ್ಕೆ ಮುಖ್ಯವಾದುದು; ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಕೊಡಗು ಚಿಕ್ಕ ನಾಡು. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಸೈನ್ಯದ ಮೂಲಕವೂ ಶಾಲೆಗಳ ಮೂಲಕವೂ ಇಲ್ಲಿ ಹಬ್ಬಿದ ಹಾಕಿಯಾಟವು ಊರ ಬಯಲುಗಳಲ್ಲಿ ಬೇರೂರಿ, ಇಷ್ಟು ಸಣ್ಣ ಪ್ರದೇಶದಿಂದ ದೇಶದ ತಂಡಕ್ಕೆ ಸಾಲುಸಾಲಾಗಿ ಆಟಗಾರರನ್ನು ಕಳುಹಿಸಿತು. ಇವರ ಪೈಕಿ ಎಂ. ಪಿ. ಗಣೇಶ್ ಅವರ ಮೂರು ಶರತ್ಕಾಲಗಳು ವಿಶೇಷವಾಗಿ ಸ್ಮರಣೀಯವಾದುವು. ಅವರು ಸೈನ್ಯದ ಸೇವೆಯಲ್ಲಿದ್ದು ಸರ್ವಿಸಸ್ ತಂಡಕ್ಕೆ ಆಡಿದವರು.

ಮೊದಲನೆಯದು 1971ರ ಅಕ್ಟೋಬರ್. ಹಾಕಿಯ ಪ್ರಥಮ ವಿಶ್ವಕಪ್ ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ ನಡೆಯಿತು. ಕೊಡಗಿನವರು ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕಾಗಿ ನೆರೆಯುವ ತುಲಾ ಸಂಕ್ರಮಣದ ದಿನಗಳು ಅವು. ಉಪಾಂತ್ಯದಲ್ಲಿ ಭಾರತವು ಪಾಕಿಸ್ತಾನಕ್ಕೆ 1-2ರಿಂದ ಸೋತು, ಬಳಿಕ ಕೀನ್ಯಾ ದೇಶವನ್ನು ಗೆದ್ದು ಮೂರನೆಯ ಸ್ಥಾನವನ್ನು ಪಡೆಯಿತು. ಎರಡನೆಯದು 1972ರ ಸೆಪ್ಟೆಂಬರ್, ಮ್ಯೂನಿಕ್ ಒಲಿಂಪಿಕ್ಸ್. ಆ ತಂಡದಲ್ಲಿ ಗಣೇಶ್ ಅವರೊಡನೆ ಬಿ. ಪಿ. ಗೋವಿಂದ ಅವರೂ ಚೆಪ್ಪುಡೀರ ಪೂಣಚ್ಚ ಅವರೂ ಇದ್ದರು. ಸೆಪ್ಟೆಂಬರ್ 5ರಂದು ಆರಂಭವಾದ ಭಯೋತ್ಪಾದಕರ ಆಕ್ರಮಣದಲ್ಲಿ ಇಸ್ರೇಲಿನ 11 ಮಂದಿ ಪ್ರಾಣ ಕಳೆದುಕೊಂಡರು. ಕ್ರೀಡೆಗಳು ಕೆಲಕಾಲ ನಿಂತುವು. ಮತ್ತೆ ಆರಂಭವಾದಾಗ ಉಪಾಂತ್ಯದಲ್ಲಿ ಪುನಃ ಪಾಕಿಸ್ತಾನವೇ ಎದುರಾಯಿತು, ಪುನಃ ಸೋಲಾಯಿತು. ನೆದರ್ಲೆಂಡ್ಸ್ ತಂಡವನ್ನು 2-1ರಿಂದ ಗೆದ್ದು ಕಂಚಿನ ಪದಕವನ್ನು ತಂದುದೇ ಸಮಾಧಾನ.

ಮೂರನೆಯದು 1973. ಈ ಸಲ ಗಣೇಶ್ ಅವರೇ ಭಾರತದ ನಾಯಕರು. ನೆದರ್ಲೆಂಡ್ಸಿನ ಆಮ್‌ಸ್ಟೆಲ್‌ವೀನ್‌ನಲ್ಲಿ ಎರಡನೆಯ ವಿಶ್ವಕಪ್ಪಿನ ಅಂತಿಮ ಪಂದ್ಯವು ಸೆಪ್ಟೆಂಬರ್ 2ರಂದು ನಡೆಯಿತು. ಕೊಡಗಿನ ಮನೆಗಳಲ್ಲಿ ಮರುದಿನದ ಕೈಲ್ ಮುಹೂರ್ತಕ್ಕೆ ಕೋವಿ ಒರೆಸುವ ಹೊತ್ತು ಅದು. ಆಗ ನಮ್ಮ ಪ್ರಾಂತ್ಯಕ್ಕೆ ದೂರದರ್ಶನ ಬಂದಿರಲಿಲ್ಲ. ಸುದ್ದಿ ತಿಳಿಯಬೇಕಾದರೆ ಆಕಾಶವಾಣಿ, ಇಲ್ಲವೇ ತಡವಾಗಿ ಬರುವ ಪತ್ರಿಕೆ. ಆರಂಭದಲ್ಲಿಯೇ ಭಾರತದ ಸುರ್ಜಿತ್ ಸಿಂಗ್ ಅವರು ಎರಡು ಗೋಲುಗಳನ್ನು ಹೊಡೆದರು. ಡಚ್ಚರು ಎರಡನ್ನೂ ತೀರಿಸಿ ಸಮಮಾಡಿದರು. ಹೆಚ್ಚುವರಿ ವೇಳೆಯಲ್ಲಿ ಭಾರತಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಅದು ಗೋಲಾದರೆ ವಿಶ್ವಕಪ್ ನಮ್ಮದು. ಹೊಡೆಯಲು ಮುಂದೆ ಬಂದವರು ಸೋಮವಾರಪೇಟೆಯ ಕಡೆಯ ಗೋವಿಂದ ಅವರು. ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕುಗಳ ಸರದಿಯಲ್ಲಿ ಡಚ್ಚರು 4-2ರಿಂದ ಗೆದ್ದರು.

ಕೊಡಗಿನ ನಾಯಕ, ಕೊಡಗಿನ ಕೈಯಲ್ಲಿ ಕೋಲು, ಮುಂದೆ ಬರಿಯ ಏಳು ಗಜದ ದೂರ. ಇಂಥ ಗಳಿಗೆಯು ತಪ್ಪಿಹೋದಾಗ ಜನರು ಆಟಗಾರನನ್ನು ಹೇಗೆ ನಡೆಸಿಕೊಳ್ಳುವರೆಂಬುದರಲ್ಲಿ ಆ ನಾಡಿನ ಗುಣವು ಗೊತ್ತಾಗುವುದು. ಗೋವಿಂದ ಅವರ ಆಟ ಅಲ್ಲಿಗೆ ಮುಗಿಯಲಿಲ್ಲ. 1975ರ ಮಾರ್ಚ್ 15ರಂದು ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದ ಭಾರತದ ತಂಡದಲ್ಲಿ ಅವರೂ ಇದ್ದರು. ಒಂದು ಶರತ್ಕಾಲದ ನೋವಿಗೆ ಒಂದು ವಸಂತವು ಮದ್ದಾಯಿತು. ಗಣೇಶ್ ಅವರಿಗೆ 2020ರಲ್ಲಿ ಪದ್ಮಶ್ರೀ ಗೌರವವು ಬಂದಾಗ ಜನರು 1973ರ ಅಂತಿಮ ಪಂದ್ಯವನ್ನು ಹೇಳಿದುದು ಹೆಮ್ಮೆಯಿಂದಲೇ ಹೊರತು ಸಂಕೋಚದಿಂದಲ್ಲ.

ಹಾಕಿಯ ಮಾತು ಹೀಗಿರಲಾಗಿ, ಹುಲ್ಲಿನ ಮೇಲಿನ ಬೇರೊಂದು ಆಟದಲ್ಲಿ ಕೈಲ್ ಮುಹೂರ್ತದ ತೆಂಗಿನಕಾಯಿಯನ್ನೇ ನೆನಪಿಗೆ ತರುವ ಒಂದು ಪ್ರಸಂಗವು 2007ರ ಸೆಪ್ಟೆಂಬರ್ 14ರಂದು ನಡೆಯಿತು. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಇಪ್ಪತ್ತು ಓವರುಗಳ ಪ್ರಥಮ ವಿಶ್ವಕಪ್ ಕ್ರಿಕೆಟ್. ಭಾರತ 141, ಪಾಕಿಸ್ತಾನ 141, ಪಂದ್ಯ ಸಮವಾಯಿತು. ಆಗಿನ ನಿಯಮದಂತೆ, ಬ್ಯಾಟುಗಾರನಿಲ್ಲದ ಬರಿಯ ವಿಕೆಟ್ಟುಗಳಿಗೆ ಚೆಂಡೆಸೆದು ಜಯವನ್ನು ನಿರ್ಣಯಿಸಬೇಕು. ಸೆಹವಾಗ್, ಹರ್‌ಭಜನ್ ಇವರಾದ ಬಳಿಕ ಬಂದವರು ಕೊಡಗಿನ ರಾಬಿನ್ ಉತ್ತಪ್ಪ. ಅವರು ಬೌಲರೇ ಅಲ್ಲ; ಅಂದು ಬ್ಯಾಟಿನಿಂದ 50 ಓಟಗಳನ್ನು ಗಳಿಸಿದ್ದವರು. ಅವರ ತಂದೆ ಹಾಕಿಯಲ್ಲಿ ಅಂತರರಾಷ್ಟ್ರೀಯ ತೀರ್ಪುಗಾರರಾಗಿದ್ದವರು. ಉತ್ತಪ್ಪ ಎಸೆದ ಚೆಂಡು ನೆಟ್ಟಗೆ ವಿಕೆಟ್ಟಿಗೆ ಬಿದ್ದಿತು. ಅವರು ಟೋಪಿಯನ್ನು ತೆಗೆದು ಪ್ರೇಕ್ಷಕರಿಗೆ ತಲೆಬಾಗಿದರು. ಪಾಕಿಸ್ತಾನದ ಮೂವರೂ ಗುರಿತಪ್ಪಿದುದರಿಂದ ಭಾರತಕ್ಕೆ 3-0ರ ಜಯವಾಯಿತು. ಕೆಳಗೆ ನಿಂತು ಕಾಯಿಯನ್ನು ದಿಟ್ಟಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೊಡಗಿನವರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಆದರೆ ಪರಿಯಕಳಿಯ ನಿಯಮವನ್ನು ಪ್ರಪಂಚದ ಮುಂದೆ ಆಡಿ ತೋರಿಸಿದ ಕೀರ್ತಿಯು ಮಚ್ಚಂಡ ರೋಹನ್ ಬೋಪಣ್ಣ ಅವರದು. 2010ರಲ್ಲಿ ಅವರು ಪಾಕಿಸ್ತಾನದ ಐಸಾಮ್ ಉಲ್ ಹಕ್ ಕುರೇಷಿ ಅವರೊಡನೆ ಜೋಡಿಯಾಗಿ ಆಡಿ, ಯುದ್ಧವನ್ನು ನಿಲ್ಲಿಸಿ ಟೆನಿಸನ್ನು ಆರಂಭಿಸಿರೆಂಬ ಸಂದೇಶವನ್ನು ಉಟ್ಟ ಬಟ್ಟೆಯ ಮೇಲೆಯೇ ಧರಿಸಿ, ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅಮೆರಿಕನ್ ಓಪನ್ ಅಂತಿಮ ಪಂದ್ಯವನ್ನು ಮುಟ್ಟಿದರು. ವಿಶ್ವಸಂಸ್ಥೆಯಲ್ಲಿ ಭಾರತ ಮತ್ತು ಪಾಕಿಸ್ತಾನಗಳನ್ನು ಪ್ರತಿನಿಧಿಸುತ್ತಿದ್ದ ರಾಯಭಾರಿಗಳಿಬ್ಬರೂ ಅಕ್ಕಪಕ್ಕದಲ್ಲಿ ಕುಳಿತು ಅವರ ಆಟವನ್ನು ನೋಡಿದರು. ಪಂದ್ಯವನ್ನು ಬ್ರಯನ್ ಸಹೋದರರು ಗೆದ್ದರು, ಅದೂ ಎರಡು ಸೆಟ್ಟುಗಳನ್ನು ಟೈಬ್ರೇಕಿನವರೆಗೆ ಎಳೆದು. ಆದರೆ ಆ ಸಂಜೆ ಜನರ ಮನಸ್ಸಿನಲ್ಲಿ ಉಳಿದುದು ಸೋತವರ ಹೆಸರು.

ಹದಿಮೂರು ವರ್ಷಗಳು ಕಳೆದುವು. 2023ರ ಸೆಪ್ಟೆಂಬರ್ 8ರಂದು ಅದೇ ನ್ಯೂಯಾರ್ಕಿನಲ್ಲಿ ಬೋಪಣ್ಣ ಮತ್ತೆ ಅಂತಿಮ ಪಂದ್ಯಕ್ಕೆ ಬಂದರು. ಆಗ ಅವರ ವಯಸ್ಸು 43. 1968ರಲ್ಲಿ ಆರಂಭವಾದ ಮುಕ್ತ ಯುಗದಲ್ಲಿ ಇಷ್ಟು ವಯಸ್ಸಿನಲ್ಲಿ ಗ್ರ್ಯಾಂಡ್ ಸ್ಲಾಮಿನ ಅಂತಿಮ ಪಂದ್ಯವನ್ನು ಮುಟ್ಟಿದ ಪುರುಷರು ಬೇರೊಬ್ಬರಿರಲಿಲ್ಲ. ಜೊತೆಗಾರ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್. ಮೊದಲ ಸೆಟ್ಟನ್ನು ಗೆದ್ದು ಎರಡನೆಯದನ್ನು ಕಳೆದುಕೊಂಡರು. ಮೂರನೆಯ ಸೆಟ್ಟಿನಲ್ಲಿ, ಒಂದೊಂದು ಅಂಕವೂ ಅಮೂಲ್ಯವಾಗಿದ್ದಾಗ, ಚೆಂಡು ಬಲೆಯನ್ನು ದಾಟುವ ಮೊದಲು ತಮ್ಮ ತೋಳಿಗೆ ಸೋಕಿತೆಂದು ಬೋಪಣ್ಣ ತಾವಾಗಿ ತೀರ್ಪುಗಾರರಿಗೆ ತಿಳಿಸಿದರು. ಅದು ಬೇರೆಯವರ ಗಮನಕ್ಕೆ ಬಂದಿರಲಿಲ್ಲ. ಅಂಕವು ಎದುರಾಳಿಗಳಿಗೆ ಸಂದಿತು. ಪಂದ್ಯವೂ ಅವರಿಗೇ ಸಂದಿತು. ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕೆಂಬ ನಿಯಮವನ್ನು, ನೋಡುವ ಹಿರಿಯರು ಇಲ್ಲದಾಗಲೂ ಪಾಲಿಸುವುದೆಂದರೆ ಇದೇ ಅಲ್ಲವೆ?

ಶರತ್ಕಾಲವು ಕೊಡಗಿಗೆ ಸೋಲನ್ನು ಮಾತ್ರ ಕೊಟ್ಟಿತೆಂದು ಯಾರೂ ತಿಳಿಯಬಾರದು. ಅದೇ 2023ರ ಸೆಪ್ಟೆಂಬರ್ 30ರಂದು ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಬೋಪಣ್ಣ ಅವರು ಋತುಜಾ ಭೋಸಲೆ ಅವರೊಡನೆ ಮಿಶ್ರ ಜೋಡಿಯಾಟದ ಚಿನ್ನವನ್ನು ಗೆದ್ದರು. ಅದಕ್ಕೆ ಮೊದಲು, 2014ರ ಅಕ್ಟೋಬರ್ 2ರಂದು, ನವರಾತ್ರಿಯ ಸಡಗರದಲ್ಲಿ ಮಡಿಕೇರಿಯು ದಸರೆಯ ಹತ್ತು ಮಂಟಪಗಳ ಮೆರವಣಿಗೆಗೆ ಸಿದ್ಧವಾಗುತ್ತಿದ್ದಾಗ, ಕೊರಿಯದ ಇಂಚಾನ್ ನಗರದಿಂದ ಸಂತೋಷದ ಸುದ್ದಿ ಬಂದಿತು. ಏಷ್ಯನ್ ಕ್ರೀಡೆಗಳ ಹಾಕಿಯಲ್ಲಿ ಭಾರತವು ಪಾಕಿಸ್ತಾನದೊಡನೆ 1-1ರಿಂದ ಸಮನಾಗಿ, ಬಳಿಕ ಶೂಟೌಟಿನಲ್ಲಿ 4-2ರಿಂದ ಗೆದ್ದು, 16 ವರ್ಷಗಳ ಮೇಲೆ ಚಿನ್ನವನ್ನು ಪಡೆದಿತ್ತು. ವಿ. ಆರ್. ರಘುನಾಥ್, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಎಂಬ ಕೊಡಗಿನ ನಾಲ್ವರು ಆ ತಂಡದಲ್ಲಿದ್ದರು. ನಲವತ್ತೊಂದು ವರ್ಷಗಳ ಹಿಂದೆ ಅದೇ 4-2ರ ಅಂಕದಿಂದ ಕೈತಪ್ಪಿದ ಸ್ವರ್ಣವನ್ನು ಬಲ್ಲ ಹಿರಿಯರಿಗೆ ಆ ದಿನದ ಸಂತೋಷವು ಇಮ್ಮಡಿಯಾಗಿರಬೇಕು.

ಇಷ್ಟನ್ನೂ ಎಣಿಸಿ ನೋಡಿದರೆ ನಮಗೆ ತೋರುವುದೇನು? ಕೇವಲ ಪದಕಗಳ ಪಟ್ಟಿಯನ್ನು ಮಾಡುವವರು 1973ನ್ನೂ 2010ನ್ನೂ ಬಿಟ್ಟುಬಿಡುವರು. ಆಗ ಕೊಡಗಿನ ಆಟದ ಚರಿತ್ರೆಯಲ್ಲಿ ಬಹುಭಾಗವು ಮರೆತುಹೋಗುವುದು. ಉಳಿದ ಭಾಗವು ಎಲ್ಲಿಂದ ಬಂದಿತೆಂಬುದೂ ತಿಳಿಯದೆ ಹೋಗುವುದು. ಸೋತವನನ್ನು ಕೈಬಿಡದ ಊರಿನಲ್ಲಿ ಮಾತ್ರ ಮರುವರ್ಷ ಆಡುವುದಕ್ಕೆ ಹುಡುಗರು ಮುಂದೆ ಬರುವರು. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದ ಒಳಗುಟ್ಟೂ ಇದೇ ಎಂದು ನಮಗೆ ಅನಿಸುತ್ತದೆ. ಅಲ್ಲಿ ಒಂದೊಂದು ಮನೆತನಕ್ಕೂ ಒಂದು ತಂಡ. ಹಿರಿಯರು, ಕಿರಿಯರು, ಹೆಂಗಸರು ಒಂದೇ ತಂಡದಲ್ಲಿ ಆಡಬಹುದು. ಬೇಸಗೆಯಲ್ಲಿ ನಡೆಯುವ ಆ ಹಬ್ಬದಲ್ಲಿ 2024ರಲ್ಲಿ 360 ಮನೆತನಗಳು ಸೇರಿದುವು. ಪ್ರಶಸ್ತಿ ದೊರೆಯುವುದು ಒಂದಕ್ಕೆ. ಉಳಿದ 359 ತಂಡಗಳು ಸೋತೇ ಮನೆಗೆ ಹೋಗಬೇಕು. ಆದರೂ ಅವು ಬರುವುದನ್ನು ನಿಲ್ಲಿಸಿಲ್ಲ.

ಆದುದರಿಂದ ಮುಂದಿನ ಶರತ್ಕಾಲದಲ್ಲಿ ಕೊಡಗಿನ ಕಡೆಗೆ ಪ್ರಯಾಣ ಬೆಳೆಸುವವರು ಜಲಪಾತಗಳನ್ನೂ ಕಾಫಿಯ ತೋಟಗಳನ್ನೂ ನೋಡಿದ ಮೇಲೆ, ಯಾವುದಾದರೊಂದು ಊರಿನ ಬಯಲಿನ ಬಳಿ ಕೊಂಚ ಹೊತ್ತು ನಿಲ್ಲಲಿ. ಅಲ್ಲಿ ಮರದ ಮೇಲೊಂದು ತೆಂಗಿನಕಾಯಿ ತೂಗುತ್ತಿರಬಹುದು, ಇಲ್ಲವೇ ಒದ್ದೆ ನೆಲದಲ್ಲಿ ಮಕ್ಕಳು ಕೋಲು ಹಿಡಿದು ಚೆಂಡಿನ ಹಿಂದೆ ಓಡುತ್ತಿರಬಹುದು. ಗೆದ್ದವರು ಯಾರೆಂದು ಕೇಳುವುದರ ಜೊತೆಗೆ, ಆಟ ಮುಗಿದ ಮೇಲೆ ಅವರು ಹೇಗೆ ಬೀಳ್ಕೊಳ್ಳುವರೆಂಬುದನ್ನೂ ನೋಡಲಿ.