ಕಡವಿನ ಊರುಗಳು: ಗುತ್ತಲ ಹೊಳೆಸಾಲಿನ ಚರಿತ್ರೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ರೈಲು ಹಳಿಯ ಗುಂಟ ಒಂದರ ಹಿಂದೊಂದು ಬರುವ ಪೇಟೆಗಳು. ಒಂದರಲ್ಲಿ ಏಲಕ್ಕಿ ಹಾರ, ಇನ್ನೊಂದರಲ್ಲಿ ಒಣಮೆಣಸಿನಕಾಯಿ, ಮತ್ತೊಂದರಲ್ಲಿ ಹತ್ತಿ ಮತ್ತು ಬಿತ್ತನೆ ಬೀಜ. ಇಲ್ಲಿಂದ ಪೂರ್ವಕ್ಕೆ ಹೊರಟು ಹೊಲಗಳನ್ನು ದಾಟಿದರೆ ತುಂಗಭದ್ರೆ ಸಿಗುತ್ತದೆ. ಹೊಳೆ ಹರಿಯುವ ದಿಕ್ಕಿನಲ್ಲೇ ಅದರ ಎಡದಂಡೆ ಹಿಡಿದು ಹೋದರೆ ಐರಣಿ, ಚೌಡದಾನಪುರ, ನರಸೀಪುರ, ಗಳಗನಾಥ. ದಂಡೆಯಿಂದ ತುಸು ಒಳಗೆ ಗುತ್ತಲ. ಜಿಲ್ಲೆಯ ಇಂದಿನ ವ್ಯಾಪಾರ, ಕಚೇರಿ, ಕಾಲೇಜುಗಳೆಲ್ಲ ಹಳಿಯ ಪಕ್ಕ ಇವೆ. ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಯ ಅಧಿಕಾರ, ವಿದ್ಯೆ, ಶಿಲ್ಪ ಇದ್ದದ್ದು ಹೊಳೆಯ ಪಕ್ಕ. ಈ ಸ್ಥಾನಪಲ್ಲಟವನ್ನು ರಾಜವಂಶಗಳ ಏಳುಬೀಳಿನಿಂದ ಮಾತ್ರ ವಿವರಿಸಿದರೆ ಸಾಲದು. ಹೊಳೆ ದಾಟುವ ಜಾಗ, ಅಂದರೆ ಕಡವು, ಮತ್ತು ಅದನ್ನು ನಡೆಸಿದ ಅಂಬಿಗರು ಈ ಊರುಗಳ ಚರಿತ್ರೆಗೆ ಮುಖ್ಯ ಆಧಾರ ಎಂಬುದು ಈ ಲೇಖನದ ವಾದ.

ಗುತ್ತಲ ಶಾಸನಗಳಲ್ಲಿ ಗುತ್ತವೊಳಲು. ಇಲ್ಲಿಂದ ಆಳಿದ ಗುತ್ತರು ಕಲ್ಯಾಣದ ಚಾಲುಕ್ಯರಿಗೆ, ಅವರ ನಂತರ ಕಳಚುರಿಗಳಿಗೆ, ಸೇವುಣರಿಗೆ ಸಾಮಂತರಾಗಿದ್ದವರು. ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡು 'ಉಜ್ಜಯಿನೀಪುರವರಾಧೀಶ್ವರ' ಎಂಬ ಬಿರುದನ್ನು ಧರಿಸಿದರು. ಜೆ. ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು 1882ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವರಿಗೂ ಸ್ಥಾನ ಕೊಟ್ಟ. ಅಂದಿನಿಂದ ಗುತ್ತಲದ ಚರಿತ್ರೆ ಎಂದರೆ ವಂಶಾವಳಿಯ ಚರ್ಚೆ ಎಂಬಂತಾಗಿದೆ. ಗುಪ್ತರ ನಂಟು ನಿಜವೋ ಅಲ್ಲವೋ ಎನ್ನುವುದಕ್ಕಿಂತ, ಒಂದು ಸಣ್ಣ ಮನೆತನ ಇಷ್ಟು ದೊಡ್ಡ ಹೆಸರನ್ನು ಹೊತ್ತು ಈ ಹೊಳೆಸಾಲಿನಲ್ಲೇ ಏಕೆ ಬೇರೂರಿತು ಎಂಬುದು ನನಗೆ ಹೆಚ್ಚು ಉಪಯುಕ್ತವಾದ ಪ್ರಶ್ನೆ. ಸಾಗರದ ಕಡೆಯಿಂದ ಬರುವ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಎರಡು ನೀರು ಕೂಡುವ ಈ ಮೂಲೆಯನ್ನು ಹಿಡಿದವನ ಕೈಯಲ್ಲಿ ಬನವಾಸಿ ಸೀಮೆಗೂ ಬಳ್ಳಾರಿ ಸೀಮೆಗೂ ನಡುವಿನ ದಾರಿ ಇರುತ್ತಿತ್ತು.

ಗಳಗನಾಥದ ಗಳಗೇಶ್ವರ ಗುಡಿ ಹನ್ನೊಂದನೆಯ ಶತಮಾನದ್ದು. ಅದರ ಬುಡ ನೆಲದಿಂದ ನೆಟ್ಟಗೆ ಏಳುವುದಿಲ್ಲ. ಸುತ್ತಲೂ ಇಳಿಜಾರಾಗಿ ಹರಡಿ, ಕತ್ತರಿಸಿದ ಪಿರಮಿಡ್ಡಿನ ಹಾಗೆ ಗರ್ಭಗುಡಿಯ ಗೋಡೆಗೆ ಒರಗಿ ನಿಂತಿದೆ. ಚಾಲುಕ್ಯ ಶಿಲ್ಪದಲ್ಲಿ ಇದು ಬಹಳ ಅಪರೂಪ. ಸಂಗಮದ ಮೆತ್ತನೆಯ ನೆಲದಲ್ಲಿ ಕಲ್ಲಿನ ಭಾರ ಕುಸಿಯದಂತೆ ಕೊಟ್ಟ ಒತ್ತು ಎಂದೇ ಇದನ್ನು ಓದಬೇಕು. ಹೊಳೆಯ ಸ್ವಭಾವವನ್ನು ಬಲ್ಲವರು ಕಟ್ಟಿದ ಗುಡಿ ಅದು.

ಚೌಡದಾನಪುರದ ಮುಕ್ತೇಶ್ವರ ಗುಡಿಯ ಸಂಪತ್ತು ಬೇರೆ ಬಗೆಯದು. ಅದರ ಅಂಗಳದ ಆಳೆತ್ತರದ ಶಾಸನಗಳು ಗುತ್ತರ ಆಳ್ವಿಕೆಯ ಜೊತೆಗೆ ಮುಕ್ತಜೀಯ, ಶಿವದೇವರಂಥ ಯತಿಗಳ ಬದುಕನ್ನೂ ದಾಖಲಿಸಿವೆ. ವಸುಂಧರಾ ಫಿಲಿಯೋಜಾ ಮತ್ತು ಪಿಯರ್ ಸಿಲ್ವೆನ್ ಫಿಲಿಯೋಜಾ ದಂಪತಿ ಈ ಗುಡಿಯನ್ನು, ಶಾಸನಗಳನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿದ್ದಾರೆ. ಶಿವದೇವ ಇಲ್ಲಿಗೆ ಬಂದದ್ದು 1225ರಲ್ಲಿ. ಅರಮನೆಯ ದಾನವೂ ವಿರಕ್ತನ ಬದುಕೂ ಒಂದೇ ಕಲ್ಲಿನಲ್ಲಿ ಅಕ್ಕಪಕ್ಕ ನಿಂತಿರುವುದು ಈ ಊರಿನ ವಿಶೇಷ.

ಆದರೆ ಊರಿಗೆ ಹೆಸರು ಬಂದದ್ದು ಅರಸರಿಂದಲೂ ಅಲ್ಲ, ಯತಿಗಳಿಂದಲೂ ಅಲ್ಲ. ಗುತ್ತರಸ ಈ ಊರನ್ನು ಅಂಬಿಗರ ಚೌಡಯ್ಯನಿಗೆ ದಾನವಾಗಿ ಕೊಟ್ಟನೆಂದೂ ಅದರಿಂದಲೇ ಅದು ಚೌಡಯ್ಯದಾನಪುರವಾಯಿತೆಂದೂ ಪರಂಪರೆ ಹೇಳುತ್ತದೆ. ಹೊಳೆಯ ದಂಡೆಯಲ್ಲಿ ಚೌಡಯ್ಯನ ಐಕ್ಯಮಂಟಪವಿದೆ. ಹನ್ನೆರಡನೆಯ ಶತಮಾನದ ಈ ವಚನಕಾರ ಬಸವಣ್ಣ, ಅಲ್ಲಮರ ಹಾಗೆ ದೇವರ ಹೆಸರನ್ನು ಅಂಕಿತವಾಗಿ ಇಟ್ಟುಕೊಳ್ಳಲಿಲ್ಲ. ತನ್ನ ಕಸುಬನ್ನೂ ತನ್ನ ಹೆಸರನ್ನೂ ಕೂಡಿಸಿ ಅಂಕಿತ ಮಾಡಿಕೊಂಡ. ಅವನ ವಚನಗಳಲ್ಲಿ ಬರುವ ದೋಣಿ, ಹುಟ್ಟು, ಹೊಳೆಗಳನ್ನು ಸಾಹಿತ್ಯ ವಿಮರ್ಶೆ ಬಹುತೇಕ ಭವಸಾಗರದ ರೂಪಕವಾಗಿ ಓದಿದೆ. ಅದು ತಪ್ಪಲ್ಲ. ಆದರೂ ಚೌಡದಾನಪುರದ ದಂಡೆಗೆ ಬಂದು ನಿಂತವರಿಗೆ ಆ ಮಾತುಗಳ ಹಿಂದಿನ ದುಡಿಮೆ ಮೊದಲು ಕಾಣಬೇಕು. ಅವನ ವಚನಗಳ ನಿಷ್ಠುರತೆಗೆ ಕಸುಬೂ ಒಂದು ಕಾರಣವಾಗಿದ್ದೀತು. ಕಡವಿನಲ್ಲಿ ಮೇಲಿನವರು, ಕೆಳಗಿನವರು ಎಲ್ಲರೂ ಒಂದೇ ಹರಿಗೋಲಿನಲ್ಲಿ ಕೂರಬೇಕು; ನಡುನೀರಿನಲ್ಲಿ ಅಂಬಿಗನ ಮಾತನ್ನು ಎಲ್ಲರೂ ಕೇಳಬೇಕು.

ಹರಿಗೋಲಿನ ಬಗ್ಗೆ ಇನ್ನಷ್ಟು ಹೇಳದೆ ಈ ಚರಿತ್ರೆ ಪೂರ್ಣವಾಗದು. ಬಿದಿರನ್ನು ಸೀಳಿ, ಅಗಲವಾದ ಬುಟ್ಟಿಯಂತೆ ಹೆಣೆದು, ಹೊರಮೈಗೆ ತೊಗಲು ಬಿಗಿಯುತ್ತಿದ್ದರು. ಅದಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಹುಟ್ಟು ಹಾಕುವ ಕೈ ತಪ್ಪಿದರೆ ಇದ್ದಲ್ಲೇ ತಿರುಗುತ್ತದೆ. ಗಟ್ಟಿ ದೋಣಿಯ ತಳ ಕಲ್ಲಿಗೆ ಬಡಿದು ಒಡೆಯುವ ಕಡೆ ಇದರ ಬಳುಕುವ ತಳ ಜಾರಿಕೊಂಡು ಪಾರಾಗುತ್ತದೆ. ಬಂಡೆ ತುಂಬಿದ ತುಂಗಭದ್ರೆಗೆ ಇದಕ್ಕಿಂತ ಒಪ್ಪುವ ದೋಣಿ ಇಲ್ಲ. ತೊಗಲು ನೆನೆದೇ ಇದ್ದರೆ ಕೊಳೆಯುತ್ತದೆಂದು ಕೆಲಸ ಮುಗಿದ ಮೇಲೆ ದಂಡೆಗೆ ಎಳೆದು, ಬೋರಲು ಹಾಕಿ ಒಣಗಿಸುತ್ತಿದ್ದರು. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಇದೇ ಹೊಳೆಯ ಕೆಳಗಣ ಭಾಗದಲ್ಲಿ, ವಿಜಯನಗರದ ಬಳಿ, ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಂಥ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಕೂರುತ್ತಿದ್ದರು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರು ಎಂದು ಅವನ ವರದಿ.

ಹೊಳೆ ಪಕ್ಕದಲ್ಲಿದ್ದರೆ ಬರ ತಟ್ಟದು ಎಂದುಕೊಳ್ಳುವ ಹಾಗಿಲ್ಲ. ಗುತ್ತಲದ ಚಂದ್ರಶೇಖರ ದೇವಸ್ಥಾನದ ಬಳಿಯ ಒಂದು ಶಾಸನ ಈಚೆಗೆ, 2025ರಲ್ಲಿ, ಸುದ್ದಿಗೆ ಬಂತು. ಕಾಲ 1539. ಬರದಲ್ಲಿ 6,307 ಜನ ಸತ್ತರೆಂದೂ ಮಾರುಳಯ್ಯ ಒಡೆಯ ಎಂಬವನು ಹೆಣಗಳನ್ನು ಬುಟ್ಟಿಯಲ್ಲಿ ಹೊತ್ತು ಮಣ್ಣುಮಾಡಿದನೆಂದೂ ಅದು ಹೇಳುತ್ತದೆ. ನಮ್ಮ ಶಾಸನಗಳು ಭೂದಾನವನ್ನು ಅಳತೆ ಸಮೇತ ಹೇಳುತ್ತವೆ, ಯುದ್ಧದಲ್ಲಿ ಮಡಿದ ವೀರನನ್ನು ಹೆಸರಿಸುತ್ತವೆ. ಹಸಿವಿನಿಂದ ಸತ್ತ ಸಾಮಾನ್ಯರನ್ನು ಎಣಿಸಿದ ಕಲ್ಲು ಎಷ್ಟು ವಿರಳ! ದುಂಡು ಸಂಖ್ಯೆಗೆ ಒಗ್ಗಿಸದೆ ಕೊನೆಯ ಏಳನ್ನೂ ಬಿಡದೆ ಕೆತ್ತಿಸಿದ್ದಾರೆ. ಹೊತ್ತವನೇ ಎಣಿಸಿದನೋ, ಊರಿನವರು ಲೆಕ್ಕ ಇಟ್ಟರೋ, ಆ ಎಣಿಕೆಯಲ್ಲಿ ಸತ್ತವರ ಮೇಲಿನ ಗೌರವವಿದೆ. ಗುತ್ತಲದ ಚರಿತ್ರೆಯಲ್ಲಿ ಉಜ್ಜಯಿನಿಯ ಬಿರುದಿಗಿಂತ ಈ ಸಂಖ್ಯೆಗೆ ದೊಡ್ಡ ಸ್ಥಾನ ಸಲ್ಲಬೇಕು. ಮಳೆಯನ್ನೇ ನಂಬಿದ ಹೊಲಕ್ಕೆ ಪಕ್ಕದ ಹೊಳೆಯ ನೀರು ಏರುವ ದಾರಿ ಇರಲಿಲ್ಲ. ಹೊಳೆ ಊರಿಗೆ ಕೊಟ್ಟದ್ದು ದಾರಿಯನ್ನು, ಬೆಳೆಯನ್ನಲ್ಲ.

ಕಡವಿನ ಬೆಲೆ ಸೇನೆಗಳಿಗೆ ಚೆನ್ನಾಗಿ ಗೊತ್ತಿತ್ತು. ಟಿಪ್ಪು ಮಡಿದ ಮರುವರ್ಷ, 1800ರ ಜೂನಿನಲ್ಲಿ, ಬಂಡುಕೋರ ಧೋಂಡಿಯ ವಾಘನ ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದ. ಐರಣಿ, ರಾಣೆಬೆನ್ನೂರು ಕೋಟೆಗಳನ್ನು ವಶಪಡಿಸಿಕೊಂಡ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿ ಆ ಮಳೆಗಾಲದಲ್ಲಿ ತನ್ನ ಸೈನ್ಯ ದಾಟಿಸಲು ನೆಚ್ಚಿಕೊಂಡದ್ದು ಬುಟ್ಟಿದೋಣಿಗಳನ್ನೇ. ಅವನ ಪತ್ರಗಳಲ್ಲಿ ಅವುಗಳ ಚಿಂತೆ ಮತ್ತೆ ಮತ್ತೆ ಬರುತ್ತದೆ. ಧೋಂಡಿಯ ಅದೇ ಸೆಪ್ಟೆಂಬರಿನಲ್ಲಿ ಕೋಣಗಲ್ಲಿನ ಬಳಿ ಸತ್ತ.

ಹೊಳೆಸಾಲಿನ ಇಳಿಗಾಲಕ್ಕೆ ಒಂದು ವರ್ಷ ಗುರುತಿಸಬೇಕಾದರೆ 1868ನ್ನು ಹೇಳುತ್ತೇನೆ. ಮುಂಬಯಿ ಸರ್ಕಾರ ಆ ವರ್ಷ ಕಡವುಗಳ ಕಾಯಿದೆ ತಂದು, ಹೊಳೆ ದಾಟಿಸುವ ಕಸುಬನ್ನು ಸರ್ಕಾರಿ ಗುತ್ತಿಗೆ, ಸುಂಕಗಳ ಚೌಕಟ್ಟಿಗೆ ಎಳೆಯಿತು. ಅದೇ ವರ್ಷ ಹರಿಹರದಲ್ಲಿ ಹದಿನಾಲ್ಕು ಕಮಾನುಗಳ ಸೇತುವೆ ಮುಗಿಯಿತು. ಬೆಂಗಳೂರು–ಧಾರವಾಡ ರಸ್ತೆ ಅದರ ಮೇಲೆ ಹಾಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೇಲೆ ಹರಿಹರಕ್ಕೆ ಬಂದಾಗ ಅಂಗಡಿ, ಅಡತಿ, ಹಮಾಲರು ಎಲ್ಲರೂ ಸ್ಟೇಷನ್ನಿನ ಕಡೆ ನಡೆದರು. ಬ್ಯಾಡಗಿ ಮೆಣಸಿನಕಾಯಿ ದೂರದ ಊರುಗಳಿಗೆ ಹೋದದ್ದು ಈ ದಾರಿಯಲ್ಲಿ. ಗುತ್ತಲಕ್ಕೆ ಹಳಿ ಬರಲಿಲ್ಲ.

ಇನ್ನೊಂದು ಕಾರಣವೂ ಇದೆ. ಕಂಪನಿ ಆಡಳಿತ ಬಂದ ಮೇಲೆ ಹೊಳೆ ಗಡಿಯಾಯಿತು. ಈಚೆ ದಡ ಮುಂಬಯಿ ಪ್ರಾಂತ, ಮೇಲಕ್ಕೆ ಹರಿಹರ ಮೈಸೂರು ಸಂಸ್ಥಾನ, ಎದುರಿಗೆ ಹರಪನಹಳ್ಳಿ, ಹೂವಿನಹಡಗಲಿ ಮದರಾಸು. ಬೀಗತನ ಮಾತ್ರ ಹೊಳೆಯ ಎರಡೂ ಕಡೆ ನಡೆದೇ ಇತ್ತು. ಭಾರತ ಹುಣ್ಣಿಮೆಯ ಹೊತ್ತಿಗೆ ಆಚೆ ದಡದ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವಾಗ ಈಚೆಯ ಒಕ್ಕಲಿಗರು ಅದರಲ್ಲಿ ತಮ್ಮ ಮಳೆಬೆಳೆ ಹುಡುಕುತ್ತಿದ್ದರು, ಇಂದಿಗೂ ಹುಡುಕುತ್ತಾರೆ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಎರಡೂ ದಡ ಒಂದು ರಾಜ್ಯವಾದದ್ದು 1956ರ ನವೆಂಬರ್ 1ರಂದು. ಅಷ್ಟರೊಳಗೆ ಕಡವಿನ ಪೇಟೆಗಳು ಗಡಿಯಂಚಿನ ಹಳ್ಳಿಗಳಾಗಿದ್ದವು.

ಊರು ಕುಗ್ಗಿದರೂ ಜನರ ಶಕ್ತಿ ಕುಗ್ಗಲಿಲ್ಲ ಎಂಬುದಕ್ಕೆ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಸಾಕ್ಷಿ. ಸಂಗಮದ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಈ ಗಳಗನಾಥರು 'ಮಾಧವ ಕರುಣಾವಿಲಾಸ'ದಂಥ ಕಾದಂಬರಿಗಳನ್ನು ಬರೆದರು, ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ'ಯನ್ನು ಬೆಳೆಸಿದರು. ಬರೆದ ಪುಸ್ತಕಗಳನ್ನು ತಾವೇ ಹೊತ್ತು ಮನೆಮನೆಗೆ ಹೋಗಿ ಮಾರಿದರು.

ಅಂಬಿಗರಿಗೆ ಇಪ್ಪತ್ತನೆಯ ಶತಮಾನ ಇನ್ನೊಂದು ಪೆಟ್ಟು ಕೊಟ್ಟಿತು. 1970ರ ದಶಕದಲ್ಲಿ ಕುಮಾರಪಟ್ಟಣದ ಬಳಿ ಬಂದ ಕಾರ್ಖಾನೆಯ ತ್ಯಾಜ್ಯದಿಂದ ನೀರು ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು ದಂಡೆಯ ಹಳ್ಳಿಗಳು ದನಿ ಎತ್ತಿದವು. 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಆ ದನಿಯನ್ನು ಚಳವಳಿಯಾಗಿಸಿತು. ಊರಿನ ಗೋಮಾಳ ನೀಲಗಿರಿ ತೋಪಾಗುವುದನ್ನು ವಿರೋಧಿಸಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ 'ಕಿತ್ತಿಕೋ–ಹಚ್ಚಿಕೋ' ಸತ್ಯಾಗ್ರಹ ಇದೇ ಹೋರಾಟದ ಕವಲು.

ಇಂದು ಹುಟ್ಟು ಹಿಡಿದು ಬದುಕುವವರು ಕೆಲವರೇ. ಆದರೆ ಅಂಬಿಗ, ಬೆಸ್ತ, ಸುಣಗಾರ, ಗಂಗಾಮತ ಎಂದು ಊರೂರಿಗೆ ಬೇರೆ ಬೇರೆ ಹೆಸರು ಹೊತ್ತವರಿಗೆ ಗುತ್ತಲದ ಹತ್ತಿರದ ನರಸೀಪುರದಲ್ಲಿ, ಹೊಳೆಯ ದಂಡೆಯಲ್ಲೇ, ನಿಜಶರಣ ಅಂಬಿಗರ ಚೌಡಯ್ಯ ಗುರುಪೀಠವಿದೆ. ಜನವರಿಯಲ್ಲಿ ಅಲ್ಲಿ ಸೇರುವವರು ಚೌಡಯ್ಯನನ್ನು ನೆನೆಯುವುದರ ಜೊತೆಗೆ ಮಕ್ಕಳ ಶಿಕ್ಷಣ ಮತ್ತು ಪರಿಶಿಷ್ಟ ಪಂಗಡದ ಮೀಸಲಾತಿಯ ಬೇಡಿಕೆಯನ್ನೂ ಮುಂದಿಡುತ್ತಾರೆ.